ವಿಷಯದ ಸಾಲಿನಲ್ಲಿ ವಿಷಯವಿರಲಿ

ಕಚೇರಿಗೆ ಅರ್ಜಿ ಬರೆದ ಬೆಳೆಗಾರ ಬಂಧುಗಳಿಗೆಲ್ಲ ‘ವಿಷಯ’ ಎಂಬ ಸಾಲಿನ ಬೆಲೆ ಗೊತ್ತು. ‘ಮಾನ್ಯರೇ’ ಎಂಬುದರ ಕೆಳಗಿನ ಆ ಒಂದು ಸಾಲನ್ನು ನೋಡಿಯೇ ಗುಮಾಸ್ತರು ಕಾಗದ ಯಾವ ಮೇಜಿಗೆ ಹೋಗಬೇಕೆಂದು ತೀರ್ಮಾನಿಸುತ್ತಾರೆ. ಈಗ ನಮ್ಮಲ್ಲಿ ಕೆಲವರು ಕಾಫಿಯನ್ನು ತಾವೇ ಹುರಿದು ಪುಡಿಮಾಡಿ, ಬೀದರ್ ನಗರ, ಭಾಲ್ಕಿ, ಔರಾದಗಳ ಗಿರಾಕಿಗಳಿಗೆ ಇ-ಮೇಲ್ ಬರೆದು ಮಾರತೊಡಗಿದ್ದಾರೆ. ಅಲ್ಲಿಯೂ ಇರುವುದು ಅದೇ ಸಾಲು; ಆದರೆ ಓದಲೇಬೇಕಾದ ಗುಮಾಸ್ತರಿಲ್ಲ.

ನಾವು ನೋಡಿದ ಅಂಥ ಒಂದು ಪತ್ರದ ವಿಷಯ ಹೀಗಿತ್ತು: ‘ಮಲೆನಾಡಿನ ಮಡಿಲಿನಿಂದ ನಿಮ್ಮ ಮನೆಬಾಗಿಲಿಗೆ ವಿಶೇಷ ಕೊಡುಗೆ’. ಚೆಂದವೇನೋ ಹೌದು. ಆದರೆ ಮೊಬೈಲ್ ಪರದೆಯ ಮೇಲೆ ಮೊದಲ ಮೂರು-ನಾಲ್ಕು ಪದಗಳಷ್ಟೇ ಕಾಣುವುದರಿಂದ ‘ಮಲೆನಾಡಿನ ಮಡಿಲಿನಿಂದ ನಿಮ್ಮ’ ಎಂಬಲ್ಲಿಗೆ ಮಾತು ಕಡಿಯಿತು. ‘ಕಾಫಿ ಪುಡಿ, ಸೋಮವಾರ ಹುರಿದದ್ದು’ ಎಂದಿದ್ದರೆ ಸಾಕಿತ್ತು. ಹುರಿದು ಪುಡಿಮಾಡಿದ ಕಾಫಿಯ ಘಮ ದಿನದಿನಕ್ಕೂ ಇಳಿಯುತ್ತದೆ. ಗಿರಾಕಿ ಪತ್ರ ತೆರೆಯದಿದ್ದರೆ ನಷ್ಟ ನಮ್ಮದೇ.

ಬೀದರ್ ಜಿಲ್ಲೆಯ ಮಾತೇ ಬೇರೆ. ಮಹಾರಾಷ್ಟ್ರ, ತೆಲಂಗಾಣಗಳಿಗೆ ತಾಗಿಕೊಂಡಿರುವ ಅಲ್ಲಿ ಕನ್ನಡದ ಜೊತೆಗೆ ಮರಾಠಿ, ಉರ್ದು, ತೆಲುಗು ಕೇಳಿಬರುತ್ತವೆ. ಅದು ತೊಗರಿ, ಉದ್ದು, ಸೋಯಾ, ಕಬ್ಬಿನ ನಾಡು; ಚಹಾದ್ದೇ ಮೇಲುಗೈ. ‘ಅರೇಬಿಕಾ’, ‘ರೋಬಸ್ಟಾ’, ‘ಪೀಬೆರಿ’ ಎಂಬ ನಮ್ಮ ತೋಟದ ಮಾತುಗಳು ಅಲ್ಲಿಯ ಗೃಹಿಣಿಗೆ ಏನನ್ನೂ ಹೇಳಲಾರವು. ‘ಫಿಲ್ಟರ್ ಇಲ್ಲದೆ ಕಾಫಿ ಮಾಡುವ ವಿಧಾನ’ ಎಂದರೆ ಆಕೆ ತೆರೆದು ನೋಡಿಯಾಳು. ಒಮ್ಮೆ ಕೊಂಡವರಿಗೆ ಮತ್ತೆ ಪರಿಚಯ ಪತ್ರ ಬೇಡ. ಅವರ ಪುಡಿ ಮುಗಿಯುವ ಹೊತ್ತಿಗೆ ‘ಕಳೆದ ತಿಂಗಳ ಪುಡಿಯೇ ಮತ್ತೆ ಬೇಕೆ?’ ಎಂದು ಕೇಳಿದರಾಯಿತು. ಎಲ್ಲರಿಗೂ ಒಂದೇ ಪತ್ರ ಹಂಚುವ ಚಾಳಿ ಹಳೆಯದು. 1978ರ ಮೇ ತಿಂಗಳಲ್ಲಿ ಅಮೆರಿಕದ ಗ್ಯಾರಿ ಥರ್ಕ್ ಎಂಬವರು ಕಂಪ್ಯೂಟರ್ ಮಾರಲು ಸುಮಾರು 400 ಮಂದಿಗೆ ಒಟ್ಟಿಗೇ ಪತ್ರ ಕಳಿಸಿ ಚೆನ್ನಾಗಿ ಬೈಸಿಕೊಂಡರು.

ಇನ್ನು ಸುಳ್ಳಿನ ಮಾತು. ದಾಸ್ತಾನು ಕೋಣೆ ತುಂಬ ಇರುವಾಗ ‘ಇಂದೇ ಕೊನೆ’ ಎಂದು ಬರೆಯುವವರಿದ್ದಾರೆ. ಕೇಂದ್ರ ಸರ್ಕಾರವು 2023ರ ನವೆಂಬರಿನಲ್ಲಿ ಹೊರಡಿಸಿದ ಗ್ರಾಹಕ ರಕ್ಷಣೆಯ ಮಾರ್ಗಸೂಚಿಗಳು ಇಂಥ ಹುಸಿ ಅವಸರವನ್ನು ನಿಷೇಧಿತ ಮಾರಾಟ ತಂತ್ರಗಳ ಪಟ್ಟಿಗೆ ಸೇರಿಸಿವೆ. ಚಿಕೋರಿ ಬೆರೆತ ಪುಡಿಗೆ ‘ಶುದ್ಧ ಕಾಫಿ’ ಎಂದು ವಿಷಯ ಕೊಡುವುದು ಇನ್ನೂ ಕೆಟ್ಟದ್ದು. ಪೊಟ್ಟಣದ ಮೇಲೆ ಚಿಕೋರಿಯ ಶೇಕಡಾ ಪ್ರಮಾಣ ಮುದ್ರಿಸಲೇಬೇಕಾದುದರಿಂದ ಸುಳ್ಳು ಅದು ಕೈಗೆ ಬಂದ ದಿನವೇ ಬಯಲಾಗುತ್ತದೆ.

ಸಂದೇಹವುಳ್ಳ ಸದಸ್ಯರು ಪತ್ರ ಕಳಿಸುವ ಮುನ್ನ ವಿಷಯದ ಸಾಲನ್ನು ಯಾರಿಗಾದರೂ ಓದಿ ಹೇಳಿ, ನಾವು ಏನು ಮಾರುತ್ತಿದ್ದೇವೆಂದು ಕೇಳಿ ನೋಡಲಿ. ಮೇಲಿನ ಮಲೆನಾಡಿನ ಸಾಲನ್ನು ನಾವು ಮನೆಯಲ್ಲಿ ಓದಿದಾಗ ಬಂದ ಉತ್ತರ: ‘ಜೇನುತುಪ್ಪವೇ?’