ಉಹುರು ಆಫ್ರಿಕಾ

ಉಹುರು ಆಫ್ರಿಕಾ ಎಂಬುದು ಅಮೆರಿಕದ ಜಾಝ್ ಪಿಯಾನೊ ವಾದಕ ಹಾಗೂ ಸಂಯೋಜಕ ರ‍್ಯಾಂಡಿ ವೆಸ್ಟನ್ (1926–2018) ಅವರ ಬಿಗ್ ಬ್ಯಾಂಡ್ ಆಲ್ಬಮ್. ಇದನ್ನು 1960ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಧ್ವನಿಮುದ್ರಿಸಲಾಯಿತು. ರೂಲೆಟ್ ರೆಕಾರ್ಡ್ಸ್ ಸಂಸ್ಥೆಯು ಬಿಡುಗಡೆ ಮಾಡಿತು. 'ಉಹುರು' ಎಂದರೆ ಸ್ವಾಹಿಲಿ ಭಾಷೆಯಲ್ಲಿ ಸ್ವಾತಂತ್ರ್ಯ ಎಂದರ್ಥ. ಆಫ್ರಿಕಾ, ಕ್ಯೂಬಾ ಮತ್ತು ಅಮೆರಿಕದ ತಾಳವಾದ್ಯಗಳನ್ನು ಒಂದೇ ವಾದ್ಯವೃಂದದಲ್ಲಿ ಕೂಡಿಸಿದ ಈ ಕೃತಿಯನ್ನು 1964ರಲ್ಲಿ ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರವು ನಿಷೇಧಿಸಿತು.

ಹಿನ್ನೆಲೆ

1960ನೇ ಇಸವಿಯನ್ನು 'ಆಫ್ರಿಕಾದ ವರ್ಷ' ಎಂದು ಕರೆಯಲಾಗುತ್ತದೆ. ಆ ಒಂದೇ ವರ್ಷದಲ್ಲಿ ನೈಜೀರಿಯಾ, ಸೆನೆಗಲ್, ಕಾಂಗೊ ಸೇರಿದಂತೆ 17 ಆಫ್ರಿಕನ್ ರಾಷ್ಟ್ರಗಳು ಸ್ವತಂತ್ರವಾದವು. ಅದೇ ವರ್ಷದ ಮಾರ್ಚ್ 21ರಂದು ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್‌ನಲ್ಲಿ ಪಾಸ್ ಕಾನೂನುಗಳನ್ನು ವಿರೋಧಿಸಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ 69 ಮಂದಿಯನ್ನು ಕೊಂದರು. ಅಮೆರಿಕದಲ್ಲಿ ಕಪ್ಪು ಜನರ ನಾಗರಿಕ ಹಕ್ಕುಗಳ ಚಳವಳಿ ತೀವ್ರಗೊಂಡಿತ್ತು.

ವೆಸ್ಟನ್ ಬ್ರೂಕ್ಲಿನ್‌ನಲ್ಲಿ ಹುಟ್ಟಿ ಬೆಳೆದವರು. ಅವರ ತಂದೆ ಮಾರ್ಕಸ್ ಗಾರ್ವಿಯ ವಿಚಾರಗಳ ಅನುಯಾಯಿ; ಆಫ್ರಿಕಾವೇ ತಮ್ಮ ಮೂಲನೆಲೆ ಎಂಬ ಅರಿವನ್ನು ಮಗನಿಗೆ ಬಾಲ್ಯದಲ್ಲಿಯೇ ಮೂಡಿಸಿದ್ದರು. ಈ ಆಲ್ಬಮ್ ರಚಿಸುವಾಗ ವೆಸ್ಟನ್ ಇನ್ನೂ ಆಫ್ರಿಕಾವನ್ನು ನೋಡಿರಲಿಲ್ಲ. ನೈಜೀರಿಯಾಕ್ಕೆ ಅವರ ಮೊದಲ ಭೇಟಿ ನಡೆದದ್ದು 1961ರಲ್ಲಿ.

ರಚನೆ

ಈ ಕೃತಿಗೆ ಸಾಹಿತ್ಯವನ್ನು ಬರೆದವರು ಕವಿ ಲ್ಯಾಂಗ್‌ಸ್ಟನ್ ಹ್ಯೂಸ್. ವಾದ್ಯಸಂಯೋಜನೆಯನ್ನು ಟ್ರೊಂಬೋನ್ ವಾದಕಿ ಮೆಲ್ಬಾ ಲಿಸ್ಟನ್ ಮಾಡಿದರು. ಪುರುಷರೇ ತುಂಬಿದ್ದ ಬಿಗ್ ಬ್ಯಾಂಡ್ ಕ್ಷೇತ್ರದಲ್ಲಿ ಡಿಜ್ಜಿ ಗಿಲೆಸ್ಪಿಯಂಥವರ ತಂಡಗಳಲ್ಲಿ ನುಡಿಸಿದ್ದ ಲಿಸ್ಟನ್, ವೆಸ್ಟನ್ ಪಿಯಾನೊದಲ್ಲಿ ರೂಪಿಸಿದ ರಾಗಗಳನ್ನು ಇಡೀ ವೃಂದಕ್ಕೆ ಹೊಂದುವಂತೆ ವಿಸ್ತರಿಸಿದರು.

ಕೃತಿಯಲ್ಲಿ ನಾಲ್ಕು ಭಾಗಗಳಿವೆ:

1. ಉಹುರು ಕ್ವಾಂಝಾ – 'ಸ್ವಾತಂತ್ರ್ಯವೇ ಮೊದಲು' ಎಂಬ ಅರ್ಥದ ಈ ಭಾಗವನ್ನು ಎರಡು ಖಂಡಗಳಲ್ಲಿ ನುಡಿಸಲಾಗಿದೆ. ಹ್ಯೂಸ್ ಅವರ ಸಾಲುಗಳನ್ನು ಟಾಂಗನಿಕಾದ (ಇಂದಿನ ಟಾಂಜಾನಿಯಾದ ಮುಖ್ಯ ಭೂಭಾಗ) ಟುಂಟೆಮೆಕೆ ಸಂಗಾ ಸ್ವಾಹಿಲಿಯಲ್ಲಿ ವಾಚಿಸುತ್ತಾರೆ.
2. ಆಫ್ರಿಕನ್ ಲೇಡಿ – ಆಫ್ರಿಕನ್ ಮೂಲದ ಮಹಿಳೆಯರಿಗೆ ಸಲ್ಲಿಸಿದ ಗೌರವ. ಮಾರ್ಥಾ ಫ್ಲವರ್ಸ್ ಮತ್ತು ಬ್ರಾಕ್ ಪೀಟರ್ಸ್ ಹಾಡಿದ್ದಾರೆ.
3. ಬಾಂಟು – ಜನಾಂಗಗಳು ಒಂದುಗೂಡುವುದನ್ನು ಸೂಚಿಸುವ, ತಾಳವಾದ್ಯಗಳಿಗೆ ಪ್ರಾಧಾನ್ಯವಿರುವ ಭಾಗ.
4. ಕುಚೆಝಾ ಬ್ಲೂಸ್ – 'ಕುಚೆಝಾ' ಎಂದರೆ ಆಡು, ಕುಣಿ ಎಂದರ್ಥ. ಇಡೀ ಆಫ್ರಿಕಾ ಸ್ವತಂತ್ರವಾಗುವ ದಿನದ ಸಂಭ್ರಮವನ್ನು ಇದು ಮುಂಚಿತವಾಗಿಯೇ ಆಚರಿಸುತ್ತದೆ.

ವಸಾಹತುಶಾಹಿ ಆಡಳಿತವು ಇಂಗ್ಲಿಷ್, ಫ್ರೆಂಚ್ ಭಾಷೆಗಳನ್ನು ಹೇರಿದ್ದ ಖಂಡದ ಸ್ವಾತಂತ್ರ್ಯವನ್ನು ಅಲ್ಲಿಯದೇ ಭಾಷೆಯಲ್ಲಿ ಸಾರಿರುವುದು ಈ ಕೃತಿಯ ಒಂದು ವಿಶೇಷ.

ಲಯ ಮತ್ತು ವಾದ್ಯವೃಂದ

ಬಿಗ್ ಬ್ಯಾಂಡ್‌ನಲ್ಲಿ ಸಾಮಾನ್ಯವಾಗಿ ಟ್ರಂಪೆಟ್, ಟ್ರೊಂಬೋನ್ ಹಾಗೂ ಸ್ಯಾಕ್ಸೊಫೋನ್ ಗುಂಪುಗಳಿರುತ್ತವೆ. ಪಿಯಾನೊ, ಬಾಸ್ ಮತ್ತು ಡ್ರಮ್ ಸೇರಿದ ಲಯ ವಿಭಾಗವು ಅವುಗಳಿಗೆ ಆಧಾರವಾಗಿರುತ್ತದೆ. ಉಹುರು ಆಫ್ರಿಕಾದಲ್ಲಿ ಈ ಲಯ ವಿಭಾಗವೇ ಹಿಗ್ಗಿದೆ. ನೈಜೀರಿಯಾದ ಬಾಬಾತುಂಡೆ ಒಲಾತುಂಜಿ ಆಫ್ರಿಕನ್ ತಾಳವಾದ್ಯಗಳನ್ನೂ, ಕ್ಯೂಬಾ ಮೂಲದ ಕ್ಯಾಂಡಿಡೊ ಕಾಮೆರೊ ಕಾಂಗಾವನ್ನೂ, ಅರ್ಮಾಂಡೊ ಪೆರಾಸಾ ಬೊಂಗೊವನ್ನೂ ನುಡಿಸಿದ್ದಾರೆ. ಅಮೆರಿಕದ ಮ್ಯಾಕ್ಸ್ ರೋಚ್ ಮತ್ತು ಚಾರ್ಲಿ ಪರ್ಸಿಪ್ ಅವರ ಜೊತೆಗಿದ್ದಾರೆ.

ಈ ಕೂಡುವಿಕೆಗೆ ಚಾರಿತ್ರಿಕ ಅರ್ಥವಿದೆ. ಕಾಂಗಾ ಕ್ಯೂಬಾದಲ್ಲಿ ರೂಪುಗೊಂಡ ವಾದ್ಯವಾದರೂ, ಅದರ ಮೂಲವು ಗುಲಾಮರಾಗಿ ಸಾಗಿಸಲ್ಪಟ್ಟ ಮಧ್ಯ ಆಫ್ರಿಕಾದ ಜನರ ಮದ್ದಳೆಗಳಲ್ಲಿದೆ. ಗುಲಾಮರ ಡೋಲುಗಳಿಗೆ ಹಲವೆಡೆ ನಿಷೇಧವಿದ್ದ ಅಮೆರಿಕದಲ್ಲಿ ಆ ಲಯಗಳು ಬ್ಲೂಸ್ ಮತ್ತು ಜಾಝ್‌ನೊಳಗೆ ಬೇರೆ ರೂಪದಲ್ಲಿ ಉಳಿದವು. ಆದುದರಿಂದ ಇಲ್ಲಿ ನಡೆದಿರುವುದು ಅಪರಿಚಿತ ಶೈಲಿಗಳ ಬೆರಕೆಯಲ್ಲ. ಒಂದೇ ಬೇರಿನ ಕವಲುಗಳ ಮರುಭೇಟಿ. ಊದುವಾದ್ಯಗಳಲ್ಲಿ ಕ್ಲಾರ್ಕ್ ಟೆರ್ರಿ, ಫ್ರೆಡ್ಡಿ ಹಬಾರ್ಡ್, ಯೂಸೆಫ್ ಲತೀಫ್, ಗಿಗಿ ಗ್ರೈಸ್ ಮೊದಲಾದವರಿದ್ದರು. ರಾನ್ ಕಾರ್ಟರ್ ಬಾಸ್ ನುಡಿಸಿದವರಲ್ಲಿ ಒಬ್ಬರು.

ನಿಷೇಧ ಮತ್ತು ಪ್ರಭಾವ

ಆಲ್ಬಮ್‌ನಲ್ಲಿ ದಕ್ಷಿಣ ಆಫ್ರಿಕಾದ ಆಡಳಿತವನ್ನು ನೇರವಾಗಿ ಗುರಿಯಾಗಿಸಿದ ಘೋಷಣೆಗಳಿರಲಿಲ್ಲ. ಆಫ್ರಿಕಾದ ಸ್ವಾತಂತ್ರ್ಯವನ್ನು ಶೀರ್ಷಿಕೆಯಲ್ಲಿಯೇ ಸಾರುವ ಸಂಗೀತವೂ ಆ ಆಡಳಿತಕ್ಕೆ ಸಹ್ಯವಾಗಲಿಲ್ಲ. ಇದಕ್ಕೂ ಮೊದಲು, 1960ರಲ್ಲೇ ಧ್ವನಿಮುದ್ರಿತವಾಗಿದ್ದ ಮ್ಯಾಕ್ಸ್ ರೋಚ್ ಅವರ 'ವಿ ಇನ್‌ಸಿಸ್ಟ್' ಆಲ್ಬಮ್ ಸಹ ಅಲ್ಲಿ ನಿಷೇಧಕ್ಕೊಳಗಾಗಿತ್ತು.

ವೆಸ್ಟನ್ ಮತ್ತು ಲಿಸ್ಟನ್ 1963ರಲ್ಲಿ 'ಹೈಲೈಫ್' ಆಲ್ಬಮ್‌ನಲ್ಲಿ ಪಶ್ಚಿಮ ಆಫ್ರಿಕಾದ ಜನಪ್ರಿಯ ಸಂಗೀತವನ್ನು ಬಳಸಿಕೊಂಡರು. ಅವರ ಸಹಯೋಗ 1990ರ ದಶಕದವರೆಗೂ ಮುಂದುವರಿಯಿತು. 1960ರ ದಶಕದ ಕೊನೆಯಲ್ಲಿ ವೆಸ್ಟನ್ ಮೊರಾಕ್ಕೊದಲ್ಲಿ ನೆಲೆಸಿ ಟ್ಯಾಂಜಿಯರ್‌ನಲ್ಲಿ 'ಆಫ್ರಿಕನ್ ರಿದಮ್ಸ್' ಎಂಬ ಕ್ಲಬ್ ನಡೆಸಿದರು ಮತ್ತು ಅಲ್ಲಿನ ಗ್ನಾವಾ ಸಂಗೀತಗಾರರೊಡನೆ ದೀರ್ಘಕಾಲದ ಒಡನಾಟ ಬೆಳೆಸಿದರು.