ಚೆಂಡಿನ ತಿರುಗು, ಚೆಂಡಿನ ದಾರಿ

ದೇವನಹಳ್ಳಿ ತಾಲ್ಲೂಕಿನ ಕುಂದಾಣವು ಒಂದು ಕಾಲಕ್ಕೆ ಹೊಯ್ಸಳ ರಾಮನಾಥನ ರಾಜಧಾನಿಯಾಗಿತ್ತೆಂದು ಹೇಳಲಾಗುವ ಊರು. ಅಲ್ಲಿಯ ಮಕ್ಕಳಿಗೆ ಅರಸರ ಕಥೆಗಿಂತ ಗೋಲಿಯಾಟವೇ ಹೆಚ್ಚು ಹತ್ತಿರವೆಂದರೆ ತಪ್ಪಾಗದು. ನಾಡಿನ ಬೇರೆ ಊರುಗಳ ಮಕ್ಕಳಿಗೂ ಈ ಮಾತು ಸಲ್ಲುವುದು. ಹುಡುಗನೊಬ್ಬನು ಬೆರಳನ್ನು ಬಿಲ್ಲಿನಂತೆ ಬಾಗಿಸಿ ಗೋಲಿಯನ್ನು ಚಿಮ್ಮುವನು. ಅದು ಎದುರಾಳಿಯ ಗೋಲಿಯ ನಡುವಿಗೆ ತಗುಲಿದರೆ ಆ ಗೋಲಿ ನೇರವಾಗಿ ಮುಂದಕ್ಕೆ ಸಿಡಿಯುವುದು. ಬಲಮಗ್ಗುಲಿಗೆ ತಗುಲಿದರೆ ಎಡಕ್ಕೂ, ಎಡಮಗ್ಗುಲಿಗೆ ತಗುಲಿದರೆ ಬಲಕ್ಕೂ ಓಡುವುದು. ಈ ನಿಯಮವನ್ನು ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಗೋಲಿಯು ಬುಗುರಿಯಂತೆ ತನ್ನಷ್ಟಕ್ಕೆ ತಾನು ಸುತ್ತುತ್ತ ಹೋದರೆ, ನಡುವಿಗೇ ತಗುಲಿದರೂ ಎದುರಿನ ಗೋಲಿ ತುಸು ವಾರೆಯಾಗಿ ಸಾಗುವುದುಂಟು. ಮಣ್ಣಿನ ನೆಲದಲ್ಲಿ ಇದನ್ನು ಕಲ್ಲುಹರಳುಗಳ ತಪ್ಪೆಂದು ತಳ್ಳಿಹಾಕಬಹುದು. ನುಣುಪಾದ ಬಟ್ಟೆ ಹಾಸಿದ ಮೇಜಿನ ಮೇಲೆ ಹಾಗೆ ತಳ್ಳಿಹಾಕಲು ಬರುವುದಿಲ್ಲ.

ಬಿಲಿಯರ್ಡ್ಸ್, ಸ್ನೂಕರ್, ಪೂಲ್ ಎಂಬ ಆಟಗಳು ಇಂಥ ಮೇಜಿನ ಮೇಲೆ ನಡೆಯುತ್ತವೆ. ಇವುಗಳಲ್ಲಿ ಸ್ನೂಕರ್ ಹುಟ್ಟಿದ್ದೇ ಭಾರತದಲ್ಲಿ. 1875ರಲ್ಲಿ ಜಬಲ್ಪುರದ ಸೈನಿಕ ಶಿಬಿರದಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಅಧಿಕಾರಿ ಇದನ್ನು ರೂಪಿಸಿದನು. 1882ರಲ್ಲಿ ಕರ್ನಾಟಕದ ಗಡಿಗೆ ತಾಗಿದ ನೀಲಗಿರಿಯ ಉದಕಮಂಡಲದ ಕ್ಲಬ್ಬಿನಲ್ಲಿ ಇದರ ನಿಯಮಗಳು ಸಿದ್ಧವಾದವು. ಬೆಂಗಳೂರಿನ ಪಂಕಜ್ ಅಡ್ವಾಣಿಯವರು ಬಾಲ್ಯದಲ್ಲಿ ಅಣ್ಣನನ್ನು ಹಿಂಬಾಲಿಸಿ ಈ ಮೇಜಿನ ಬಳಿಗೆ ಬಂದರು. ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಅರವಿಂದ ಸವೂರರಲ್ಲಿ ಶಿಕ್ಷಣ ಪಡೆದರು. 2003ರಲ್ಲಿ, ತಮ್ಮ ಹದಿನೆಂಟನೆಯ ವಯಸ್ಸಿನಲ್ಲಿ, ಚೀನಾದಲ್ಲಿ ಹವ್ಯಾಸಿ ಸ್ನೂಕರಿನ ವಿಶ್ವ ಪ್ರಶಸ್ತಿಯನ್ನು ಗೆದ್ದರು. 2005ರಲ್ಲಿ ಮಾಲ್ಟಾ ದ್ವೀಪದಲ್ಲಿ ಬಿಲಿಯರ್ಡ್ಸಿನ ಎರಡು ವಿಶ್ವ ಪ್ರಶಸ್ತಿಗಳು ಒಟ್ಟಿಗೆ ಅವರ ಪಾಲಾದವು.

ಸ್ನೂಕರ್ ಮತ್ತು ಪೂಲ್ ಆಟಗಳಲ್ಲಿ ಆಟಗಾರನು ಕೋಲಿನಿಂದ ಬಿಳಿಯ ಚೆಂಡನ್ನು ಮಾತ್ರ ಹೊಡೆಯುವನು. ಅದು ಬಣ್ಣದ ಚೆಂಡನ್ನು ತಾಕಿ ಮೇಜಿನ ಅಂಚಿನ ಪಾಕೆಟ್ಟಿಗೆ ಕಳುಹಿಸಬೇಕು. ಅಷ್ಟೇ ಸಾಲದು, ಬಿಳಿಯ ಚೆಂಡು ಮುಂದಿನ ಹೊಡೆತಕ್ಕೆ ಅನುಕೂಲವಾದ ಸ್ಥಳದಲ್ಲಿ ನಿಲ್ಲಬೇಕು. ಅದಕ್ಕಾಗಿ ಆಟಗಾರನು ಚೆಂಡಿನ ನಡುವನ್ನು ಬಿಟ್ಟು ಎಡಕ್ಕೋ ಬಲಕ್ಕೋ ಹೊಡೆದು ಅದನ್ನು ಬುಗುರಿಯಂತೆ ತಿರುಗಿಸುವನು. ಆಟಗಾರರು ಇದನ್ನು ‘ಸೈಡ್’ ಎನ್ನುತ್ತಾರೆ. ಎಡಗಡೆ ಹೊಡೆದ ಚೆಂಡು ಮೇಜಿನ ರಬ್ಬರು ಅಂಚಿಗೆ ನೇರವಾಗಿ ತಾಕಿದರೂ ಎಡಕ್ಕೆ ಹೊರಳಿ ಹಿಂದಿರುಗುವುದು. ಸೈಡಿನ ನಿಜವಾದ ಪ್ರಯೋಜನ ಇದು. ಆದರೆ ಈ ಪ್ರಯೋಜನಕ್ಕೆ ಬೆಲೆ ತೆರಬೇಕಾಗುತ್ತದೆ: ಬಣ್ಣದ ಚೆಂಡು ಎಣಿಸಿದ ದಾರಿಯನ್ನು ಬಿಡುವುದು.

ಯಾವ ಕಡೆಗೆ ಬಿಡುವುದು ಎಂಬಲ್ಲಿಯೇ ಜಗಳ. ಇಬ್ಬರು ಆಟಗಾರರು ಒಂದೇ ನೇರ ಹೊಡೆತವನ್ನು ಎಡ ಸೈಡ್ ಕೊಟ್ಟು ಆಡಿದರೆನ್ನೋಣ. ಚೆಂಡು ಬಲಕ್ಕೆ ಸರಿಯಿತೆಂದು ಒಬ್ಬನು, ಎಡಕ್ಕೆ ಸರಿಯಿತೆಂದು ಇನ್ನೊಬ್ಬನು. ಇಬ್ಬರೂ ಸುಳ್ಳಾಡುತ್ತಿಲ್ಲ. ಇದು ಹೇಗೆ ಸಾಧ್ಯ?

ಮೊದಲು ಎರಡು ಚೆಂಡುಗಳು ತಾಕುವ ಗಳಿಗೆಯನ್ನು ನೋಡಬೇಕು. ಎಡಗಡೆ ಹೊಡೆದ ಚೆಂಡನ್ನು ಮೇಲಿನಿಂದ ನೋಡಿದರೆ ಅದು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುತ್ತಿರುತ್ತದೆ. ಆದುದರಿಂದ ಅದರ ಮುಂಭಾಗದ ಮೈ ಬಲಕ್ಕೆ ಚಲಿಸುತ್ತಿರುತ್ತದೆ. ಆ ಮೈಯೇ ಬಣ್ಣದ ಚೆಂಡಿಗೆ ತಗಲುವುದು. ತಗಲಿಕೆಯು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಹೊತ್ತು ಇರುವುದಾದರೂ, ಅಷ್ಟರಲ್ಲಿಯೇ ಘರ್ಷಣೆಯು ಬಣ್ಣದ ಚೆಂಡನ್ನು ಬಲಕ್ಕೆ ಎಳೆಯುವುದು. ಹೀಗೆ ಎಡ ಸೈಡ್ ಬಣ್ಣದ ಚೆಂಡನ್ನು ಬಲಕ್ಕೂ, ಬಲ ಸೈಡ್ ಎಡಕ್ಕೂ ತಳ್ಳುತ್ತದೆ. ಇದಕ್ಕೆ ‘ಥ್ರೋ’ ಎಂದು ಹೆಸರು.

ದೇವನಹಳ್ಳಿಯ ಚಕ್ಕೋತ ಹೆಸರಾದ ಹಣ್ಣು. ಎರಡು ದುಂಡನೆಯ ಚಕ್ಕೋತಗಳನ್ನು ನೆಲದ ಮೇಲೆ ತಾಗಿಸಿಟ್ಟು, ಒಂದನ್ನು ಕೈಯಿಂದ ತಟಕ್ಕನೆ ತಿರುಗಿಸಿದರೆ ಇನ್ನೊಂದು ಪಕ್ಕಕ್ಕೆ ಸರಿಯುವುದನ್ನು ಕಣ್ಣಾರೆ ಕಾಣಬಹುದು. ಸರಿಯುವುದರ ಜೊತೆಗೆ ಅದು ತಾನೂ ತುಸು ತಿರುಗುವುದು, ಅದೂ ವಿರುದ್ಧ ದಿಕ್ಕಿನಲ್ಲಿ. ಕಬ್ಬಿನ ಗಾಣದ ಉರುಳೆಗಳು ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ ತಿರುಗುವಂತೆಯೇ ಇದು. ಬಣ್ಣದ ಚೆಂಡಿಗೂ ಹೀಗೆಯೇ ಅಲ್ಪ ತಿರುಗು ದಾಟಿಬರುತ್ತದೆ.

ಥ್ರೋ ಎಷ್ಟಿರುತ್ತದೆ? ನಯವಾದ ಚೆಂಡುಗಳ ನಡುವಣ ಘರ್ಷಣೆ ಬಹಳ ಕಡಿಮೆ. ದಾರಿಯು ಕೆಲವೇ ಡಿಗ್ರಿಗಳಷ್ಟು ಓರೆಯಾಗುವುದು. 3 ಡಿಗ್ರಿ ಎಂದರೆ ಅಲ್ಪವೆನಿಸಬಹುದು. ಆದರೆ ಒಂದು ಮೀಟರು ದೂರ ಸಾಗುವಷ್ಟರಲ್ಲಿ ಚೆಂಡು 5 ಸೆಂಟಿಮೀಟರಿಗೂ ಹೆಚ್ಚು ಪಕ್ಕಕ್ಕೆ ಸರಿದಿರುತ್ತದೆ. ಸ್ನೂಕರ್ ಚೆಂಡಿನ ವ್ಯಾಸವೇ 52.5 ಮಿಲಿಮೀಟರು. ಪಂದ್ಯವನ್ನು ಕಳೆದುಕೊಳ್ಳಲು ಇಷ್ಟು ಧಾರಾಳವಾಗಿ ಸಾಕು.

ಹೆಚ್ಚು ತಿರುಗಿಸಿದಷ್ಟೂ ಥ್ರೋ ಹೆಚ್ಚುವುದೆಂದು ತಿಳಿಯಬಾರದು. ಈ ಚೆಂಡುಗಳ ಮೈ ವೇಗವಾಗಿ ಉಜ್ಜಿದಷ್ಟೂ ಘರ್ಷಣೆಯ ಹಿಡಿತ ಸಡಿಲವಾಗುತ್ತದೆ. ಆದುದರಿಂದ ಮೆಲ್ಲನೆಯ ಹೊಡೆತದಲ್ಲಿ ಥ್ರೋ ಹೆಚ್ಚು, ರಭಸದ ಹೊಡೆತದಲ್ಲಿ ಕಡಿಮೆ.

ಹಾಗಾದರೆ ಚೆಂಡು ಎಡಕ್ಕೆ ಸರಿಯಿತೆಂದವನ ಕಣ್ಣು ಮೋಸಹೋಯಿತೆ? ಇಲ್ಲ. ಅವನ ಹೊಡೆತದಲ್ಲಿ ಬೇರೊಂದು ಸಂಗತಿ ಅದಕ್ಕೂ ಮೊದಲೇ ನಡೆದುಹೋಗಿರುತ್ತದೆ. ಕೋಲಿನ ತುದಿ ಬಿಳಿಯ ಚೆಂಡಿನ ಎಡಭಾಗಕ್ಕೆ ತಾಗಿದಾಗ ಚೆಂಡು ಕೋಲಿನ ನೇರಕ್ಕೆ ಹೊರಡುವುದಿಲ್ಲ. ಸ್ವಲ್ಪ ಬಲಕ್ಕೆ ವಾಲಿ ಹೊರಡುವುದು. ಆ ಕಾರಣದಿಂದ ಅದು ಬಣ್ಣದ ಚೆಂಡಿನ ನಡುವಿಗೆ ತಗಲದೆ ಬಲಮಗ್ಗುಲಿಗೆ ತಗುಲಿ, ಗೋಲಿಯಾಟದ ನಿಯಮದಂತೆ ಅದನ್ನು ಎಡಕ್ಕೆ ಓಡಿಸುವುದು. ಇತ್ತ ಥ್ರೋ ಬಲಕ್ಕೆ ಎಳೆಯುತ್ತದೆ. ದೂರದಿಂದ ರಭಸವಾಗಿ ಹೊಡೆದರೆ ಮೊದಲನೆಯದರ ಕೈ ಮೇಲಾಗುವುದು. ಹತ್ತಿರದಿಂದ ಮೆಲ್ಲನೆ ಹೊಡೆದರೆ ಥ್ರೋ ಗೆಲ್ಲುವುದು. ಎರಡೂ ಸಮನಾದ ಹೊಡೆತದಲ್ಲಿ ಚೆಂಡು ನೆಟ್ಟಗೆ ಪಾಕೆಟ್ಟಿಗೆ ಬೀಳುವುದು. ಸೈಡಿನಿಂದ ಏನೂ ಆಗದೆಂದು ಮೂರನೆಯ ಆಟಗಾರನೊಬ್ಬನು ವಾದಿಸಲು ಇದು ಸಾಕಲ್ಲವೆ!

ಇದರ ಮೇಲೆ ಇನ್ನೊಂದು ತೊಡಕುಂಟು. ಕೋಲಿನ ಹಿಂಬದಿ ಸಾಮಾನ್ಯವಾಗಿ ತುಸು ಎತ್ತರದಲ್ಲಿರುವುದರಿಂದ, ಬಲಕ್ಕೆ ವಾಲಿ ಹೊರಟ ಬಿಳಿಯ ಚೆಂಡು ಬಟ್ಟೆಯ ಘರ್ಷಣೆಯಿಂದ ಮೆಲ್ಲಗೆ ಎಡಕ್ಕೆ ಬಾಗುತ್ತ ಬರುವುದು. ಮೆಲ್ಲನೆಯ ಹೊಡೆತದಲ್ಲಿ ಹೀಗೆ ಬಾಗಲು ಅವಕಾಶ ಹೆಚ್ಚು. ಫ್ರಾನ್ಸಿನ ಗಣಿತಜ್ಞ ಕೊರಿಯೊಲಿಸನು 1835ರಲ್ಲಿ ಬಿಲಿಯರ್ಡ್ಸ್ ಚೆಂಡುಗಳ ಚಲನೆಯನ್ನೇ ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಜಾರುತ್ತ ಸಾಗುವ ಚೆಂಡಿನ ದಾರಿ ಪರವಲಯವಾಗಿದ್ದು, ಜಾರುವುದು ನಿಂತು ಉರುಳಲಾರಂಭಿಸಿದೊಡನೆ ಸರಳರೇಖೆಯಾಗುವುದೆಂದು ಅದರಲ್ಲಿ ತೋರಿಸಿದನು. ಭೂಮಿಯ ಭ್ರಮಣದಿಂದ ಗಾಳಿಯ ದಿಕ್ಕು ಬದಲಾಗುವುದನ್ನು ವಿವರಿಸುವಾಗ ಭೂಗೋಳದ ಪಾಠದಲ್ಲಿ ಬರುವ ಕೊರಿಯೊಲಿಸನೂ ಇವನೇ.

ಸೈಡ್ ಇಲ್ಲದ ಹೊಡೆತದಲ್ಲಿ ಥ್ರೋ ಇರುವುದಿಲ್ಲವೆಂದರೂ ಪೂರ್ತಿ ನಿಜವಲ್ಲ. ಬಣ್ಣದ ಚೆಂಡಿನ ಬಲಮಗ್ಗುಲನ್ನು ಸವರಿ ಅದನ್ನು ಎಡಕ್ಕೆ ಕಳುಹಿಸುವಾಗ, ಬಿಳಿಯ ಚೆಂಡು ಉಜ್ಜಿಕೊಂಡು ಹೋಗುವುದರಿಂದಲೇ ಅದು ಎಣಿಸಿದಷ್ಟು ಎಡಕ್ಕೆ ತಿರುಗುವುದಿಲ್ಲ. ಇಲ್ಲಿ ತಕ್ಕಷ್ಟು ಬಲ ಸೈಡ್ ಕೊಟ್ಟರೆ ಚೆಂಡಿನ ಮೈ ಎಡಕ್ಕೆ ಚಲಿಸಿ ಆ ಉಜ್ಜುವಿಕೆಯನ್ನೇ ಅಳಿಸಿಬಿಡುವುದು. ಗಾಣದ ಉರುಳೆಗಳಂತೆ ಚೆಂಡುಗಳು ಒಂದರ ಮೇಲೊಂದು ಜಾರದೆ ಉರುಳಿ ಅಗಲುವುವು.

ಇಷ್ಟೆಲ್ಲ ಲೆಕ್ಕವೂ ಚೆಂಡಿನ ಮೈ ಶುಚಿಯಾಗಿರುವುದನ್ನು ನಂಬಿದೆ. ಕೋಲಿನ ತುದಿಯ ತೊಗಲು ಜಾರದಿರಲೆಂದು ಆಟಗಾರರು ಅದಕ್ಕೆ ಆಗಾಗ ಚಾಕ್ ಬಳಿಯುತ್ತಾರೆ. ಚಾಕ್ ಇಲ್ಲದೆ ಸೈಡ್ ಕೊಡಲು ಹೋದರೆ ಕೋಲೇ ಜಾರಿಹೋಗುವುದು. ಆದರೆ ಅದೇ ಚಾಕಿನ ಒಂದು ಕಣ ಬಿಳಿಯ ಚೆಂಡಿಗೆ ಅಂಟಿಕೊಂಡು, ಎರಡು ಚೆಂಡುಗಳು ಕೂಡುವ ಜಾಗಕ್ಕೇ ಬಂದರೆ ಘರ್ಷಣೆ ಒಮ್ಮೆಗೇ ಏರಿ, ವರ್ಷಗಟ್ಟಲೆ ಪಳಗಿದ ಕೈಯ ಹೊಡೆತವೂ ಪಾಕೆಟ್ಟಿನ ಅಂಚಿಗೆ ಬಡಿದು ನಿಲ್ಲುವುದು. ಸ್ನೂಕರ್ ಪಂದ್ಯದ ನಡುವೆ ಆಟಗಾರನು ಕೇಳಿಕೊಂಡಾಗ ತೀರ್ಪುಗಾರನು ಚೆಂಡಿನ ಜಾಗವನ್ನು ಗುರುತಿಸಿಟ್ಟು, ಬಿಳಿಯ ಕೈಗವಸಿನ ಬೆರಳುಗಳಿಂದ ಅದನ್ನು ಎತ್ತಿ ಒರೆಸಿ, ಮತ್ತೆ ಅಲ್ಲಿಯೇ ಇಡುವುದು ಈ ಕಾರಣಕ್ಕಾಗಿಯೇ.