ಹಳೆಯ ಫೋನಿನ ಕಂತು ಮುಗಿಯುವ ಮೊದಲೇ ಹೊಸತು ಬೇಕೆ?

ಸಂಜೆ ಕಾಲೇಜು ಬಿಡುವ ಹೊತ್ತಿಗೆ ಮಡಂತ್ಯಾರು ಪೇಟೆಯಲ್ಲಿ ನಿಂತು ನೋಡಿ. ಪುಂಜಾಲಕಟ್ಟೆ ಕಡೆಗೆ ಹೋಗುವವರು ರಸ್ತೆಯ ಒಂದು ಬದಿ, ಗುರುವಾಯನಕೆರೆ ಕಡೆಗೆ ಹೋಗುವವರು ಇನ್ನೊಂದು ಬದಿ. ಬಸ್ಸಿಗೆ ಕಾಯುವ ಮಕ್ಕಳ ಕೈಯಲ್ಲಿ ಪುಸ್ತಕ ಇರುತ್ತದೋ ಇಲ್ಲವೋ, ಫೋನಂತೂ ಇದ್ದೇ ಇರುತ್ತದೆ. ಆ ಫೋನಿಗೆ ಬರುವ ನೂರಾರು ಸಂದೇಶಗಳಲ್ಲಿ ಒಂದು ಬಗೆಯದ್ದು ಹೀಗಿರುತ್ತದೆ: ‘ನಿಮ್ಮ ಹಳೆಯ ಫೋನ್ ಕೊಡಿ, ಹೊಸತು ಒಯ್ಯಿರಿ. ಈಗ ಕೈಯಿಂದ ಒಂದು ರೂಪಾಯಿಯೂ ಬೇಡ.’ ಹಳೆಯದು ಎಂದರೆ ಎಷ್ಟು ಹಳೆಯದು? ಆರು ತಿಂಗಳ ಹಿಂದೆ ಕಂತಿನಲ್ಲಿ ತಂದದ್ದು, ಇನ್ನೂ ಆರು ಕಂತು ಬಾಕಿ ಇರುವಂಥದ್ದು!

‘ಅಮ್ಮಾ, ಕಂತು ಈಗಿನದಕ್ಕಿಂತ ಕಡಿಮೆಯೇ ಬರ್ತದೆ’ ಎಂದು ಮಗ ಮನೆಯಲ್ಲಿ ಹೇಳುತ್ತಾನೆ. ಅವನು ಹೇಳುವುದು ಸುಳ್ಳಲ್ಲ, ಅರ್ಧ ನಿಜ. ಉಳಿದರ್ಧವನ್ನು ತಿಳಿಯಲು ಕಾಗದ, ಪೆನ್ನು ಸಾಕು.

ಈಗಿರುವ ಫೋನಿನ ಬೆಲೆ 18,000 ರೂಪಾಯಿ, ತಿಂಗಳಿಗೆ 1,500ರಂತೆ ಹನ್ನೆರಡು ಕಂತು ಎಂದಿಟ್ಟುಕೊಳ್ಳಿ. ಆರು ಕಂತು ಕಟ್ಟಿಯಾಗಿದೆ, 9,000 ಬಾಕಿ ಇದೆ. ಹೊಸ ಫೋನಿಗೆ 24,000. ಅಂಗಡಿಯವರು ಹಳೆಯದಕ್ಕೆ 7,000 ಹಿಡಿಯುತ್ತಾರೆ. ಉಳಿದ 17,000ವನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ಕಂತು ಸುಮಾರು 1,417. ಮಗ ಹೇಳಿದಂತೆ ಕಡಿಮೆಯೇ. ಆದರೆ ಹಳೆಯ ಫೋನು ಅಂಗಡಿ ಸೇರಿತೆಂದು ಹಳೆಯ ಸಾಲ ತೀರುವುದಿಲ್ಲವಲ್ಲ! ಮುಂದಿನ ಆರು ತಿಂಗಳು ಎರಡೂ ಕಂತು ಸೇರಿ 2,917 ರೂಪಾಯಿ ಕಟ್ಟಬೇಕು. ಒಟ್ಟು ಇನ್ನೂ ಕೊಡಬೇಕಾದದ್ದು 26,000. ಅಂದರೆ ಹಳೆಯ ಫೋನನ್ನು ಕೊಟ್ಟೂ ಹೊಸದರ ಬೆಲೆಗಿಂತ ಎರಡು ಸಾವಿರ ಹೆಚ್ಚು. ಮನೆಯಲ್ಲಿ ಬೀಡಿ ಕಟ್ಟುವವರಿದ್ದರೆ ಈ 2,917ನ್ನು ಸಾವಿರ ಬೀಡಿಯ ಮಜೂರಿಯಿಂದ ಒಮ್ಮೆ ಭಾಗಿಸಿ ನೋಡಿ. ಲೆಕ್ಕ ಆಗ ಬೇರೆಯೇ ಕಾಣುತ್ತದೆ.

ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ನೆಂಟರು ‘ನಾವು ಅವಧಿಗೆ ಮುಂಚೆಯೇ ಬದಲಾಯಿಸಿದೆವು’ ಎಂದು ಹೇಳುವುದುಂಟು. ಅಲ್ಲಿ ಫೋನು, ಸಂಪರ್ಕ ಎರಡನ್ನೂ ಒಂದೇ ಕಂಪೆನಿ ವರ್ಷಗಟ್ಟಲೆಯ ಕರಾರಿನಲ್ಲಿ ಕೊಡುವ ಪದ್ಧತಿ ಇದೆ. ಹಳೆಯ ಬಾಕಿಯ ಗತಿ ಏನೆಂದು ಆ ಕಂಪೆನಿಯೇ ಹೇಳಬೇಕು. ನಮ್ಮಲ್ಲಿ ಅಂಥದ್ದು ಅಪರೂಪ. 2003ರಲ್ಲಿ ರಿಲಯನ್ಸ್ ಇನ್ಫೋಕಾಂ 501 ರೂಪಾಯಿಗೆ ಫೋನು ಕೈಗಿತ್ತು, ಉಳಿದದ್ದನ್ನು ತಿಂಗಳು ತಿಂಗಳು ವಸೂಲು ಮಾಡುವ ಯೋಜನೆ ತಂದದ್ದು ಹಿರಿಯರಿಗೆ ನೆನಪಿರಬಹುದು. ಈಗ ಸಿಮ್ ಒಬ್ಬರದು, ಫೋನು ಇನ್ನೊಬ್ಬರದು, ಸಾಲ ಮೂರನೆಯವರದು. ಹೊಸ ಫೋನು ಮಾರುವವರಿಗೆ ನಿಮ್ಮ ಹಳೆಯ ಸಾಲದ ಗೊಡವೆಯೇ ಇಲ್ಲ. ಕೆಲವು ಸಾಲಗಳ ಕರಾರಿನಲ್ಲಿ ಫೋನೇ ಅಡವು. ತೀರುವ ಮೊದಲು ಅದನ್ನು ಮಾರುವಂತಿಲ್ಲ. ಆ ಸಣ್ಣ ಅಕ್ಷರಗಳನ್ನು ಓದಿದವರು ಎಷ್ಟು ಮಂದಿ?

ಇನ್ನು ‘ಬಡ್ಡಿಯೇ ಇಲ್ಲ’ ಎಂಬ ಮಾತು. ಸೊನ್ನೆ ಬಡ್ಡಿ ಎಂಬುದು ಇಲ್ಲವೇ ಇಲ್ಲ, ಅದು ಸಂಸ್ಕರಣಾ ಶುಲ್ಕದ ವೇಷದಲ್ಲಿ ಬರುತ್ತದೆ ಎಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಆಮೇಲೆ ಬಂದ ಹೆಸರು ‘ನೋ ಕಾಸ್ಟ್ ಇಎಂಐ’. ಇದರಲ್ಲಿ ಬಡ್ಡಿಯನ್ನು ಕೆಲವೊಮ್ಮೆ ತಯಾರಕರೇ ಭರಿಸುತ್ತಾರೆ, ಕೆಲವೊಮ್ಮೆ ರೊಕ್ಕ ಕೊಡುವವರಿಗೆ ಸಿಗುವ ರಿಯಾಯಿತಿ ಕಂತಿನವರಿಗೆ ಸಿಗುವುದಿಲ್ಲ. ಆದ್ದರಿಂದ ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು, ‘ಹಳೆಯದನ್ನು ಕೊಡದೆ, ಪೂರ್ತಿ ಹಣ ಈಗಲೇ ಕೊಟ್ಟರೆ ಎಷ್ಟು?’ ಎಂದು. ತೆರಿಗೆಯ ಕಾನೂನು ಕೂಡ ಇದನ್ನೇ ಕೇಳುತ್ತದೆ ಎಂಬುದು ಸ್ವಾರಸ್ಯ. 2017ರ ಜಿಎಸ್‌ಟಿ ನಿಯಮಗಳಲ್ಲಿ 27ನೆಯದಕ್ಕೆ ಕೊಟ್ಟಿರುವ ಉದಾಹರಣೆಯೇ ಫೋನಿನದು: ಹಳೆಯದನ್ನು ಕೊಟ್ಟರೆ 20,000, ಕೊಡದಿದ್ದರೆ 24,000 ಎಂದಾದರೆ ಅದರ ಮೌಲ್ಯ 24,000 ಎಂದೇ ಹಿಡಿಯಬೇಕು.

2024ರ ಅಕ್ಟೋಬರ್ 1ರಿಂದ ಇಂಥ ಕಂತಿನ ಸಾಲಗಳಿಗೆ ಬಡ್ಡಿ, ಶುಲ್ಕ ಎಲ್ಲವನ್ನೂ ಸೇರಿಸಿದ ವಾರ್ಷಿಕ ದರವನ್ನು ಕಾಣಿಸುವ ಮುಖ್ಯಾಂಶಗಳ ಪತ್ರವನ್ನು ಸಾಲಗಾರನಿಗೆ ಕೊಡಲೇಬೇಕು, ಅದೂ ಅವನಿಗೆ ತಿಳಿಯುವ ಭಾಷೆಯಲ್ಲಿ. ಕನ್ನಡದಲ್ಲೇ ಕೊಡಿ ಎಂದು ಕೇಳಲು ನಾಚಬೇಡಿ.

ಹೆತ್ತವರು ಹೆಚ್ಚು ಯೋಚಿಸಬೇಕಾದದ್ದು ಇನ್ನೊಂದಿದೆ. ಮಗನೋ ಮಗಳೋ ಒಯ್ಯುವ ಫೋನಿನ ಸಾಲ ಸಾಮಾನ್ಯವಾಗಿ ಅಪ್ಪನ ಅಥವಾ ಅಮ್ಮನ ಹೆಸರಿನಲ್ಲಿರುತ್ತದೆ. ಎರಡು ಕಂತುಗಳ ಆ ಆರು ತಿಂಗಳಲ್ಲಿ ಅಡಿಕೆಯ ಹಣ ಬರುವುದು ತಡವಾಯಿತು, ಖಾತೆಯಲ್ಲಿ ದುಡ್ಡಿಲ್ಲ, ಕಂತು ತಪ್ಪಿತು ಎನ್ನಿ. ದಂಡ ಕಟ್ಟಿದರೆ ಮುಗಿಯುವುದಿಲ್ಲ. ಅದು ಸಿಬಿಲ್‌ನಂಥ ಸಂಸ್ಥೆಗಳ ದಾಖಲೆ ಸೇರುತ್ತದೆ. 300ರಿಂದ 900ರ ನಡುವಿನ ಅಂಕ ಇಳಿಯುತ್ತದೆ. ಮುಂದೆ ಇಂಜಿನಿಯರಿಂಗಿಗೋ ನರ್ಸಿಂಗಿಗೋ ಶಿಕ್ಷಣ ಸಾಲ ಕೇಳುವಾಗ ಹೆತ್ತವರೂ ಜಂಟಿ ಸಾಲಗಾರರು. ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿ ನಾಲ್ಕು ಲಕ್ಷದವರೆಗೆ ಆಸ್ತಿಯ ಅಡವು ಬೇಡ, ನಿಜ. ಆದರೆ ಅಡವಿಲ್ಲದಾಗ ಮ್ಯಾನೇಜರರ ಕಣ್ಣು ಹಳೆಯ ಸಾಲ ತೀರಿಸಿದ ರೀತಿಯ ಮೇಲೆ ಬೀಳುವುದು ಸಹಜವೇ. ಒಳ್ಳೆಯ ಕ್ಯಾಮೆರಾಕ್ಕಾಗಿ ಕಾಲೇಜಿನ ಸೀಟಿಗೆ ತೊಡಕು ತಂದುಕೊಳ್ಳುವುದು ನನಗಂತೂ ಸರಿ ಕಾಣುವುದಿಲ್ಲ.

ಹಾಗಾದರೆ ಎಂದೂ ಬದಲಾಯಿಸಬಾರದೆ? ಹಾಗಲ್ಲ. ಕಂಪೆನಿಯಿಂದ ಸುರಕ್ಷತೆಯ ಪರಿಷ್ಕರಣೆ ಬರುವುದು ನಿಂತ ಫೋನಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಕ್ಷೇಮವಲ್ಲ. ಆದರೆ ಆರು ತಿಂಗಳಲ್ಲಿ ಹಾಗಾಗುವುದು ವಿರಳ. ಗೂಗಲ್ 2023ರಲ್ಲಿ, ಸ್ಯಾಮ್‌ಸಂಗ್ 2024ರಲ್ಲಿ ತಮ್ಮ ದುಬಾರಿ ಮಾದರಿಗಳಿಗೆ ಏಳು ವರ್ಷದ ಪರಿಷ್ಕರಣೆಯ ಮಾತು ಕೊಟ್ಟಿವೆ. ಚಾರ್ಜು ನಿಲ್ಲುವುದಿಲ್ಲ ಎಂಬುದೇ ದೂರಾದರೆ ಬ್ಯಾಟರಿಯೊಂದನ್ನು ಬದಲಾಯಿಸಿ ನೋಡಬಹುದು. ಬಿದ್ದು ಪರದೆ ಒಡೆದು, ರಿಪೇರಿಯ ಖರ್ಚು ಅರ್ಧ ಬೆಲೆ ಮೀರಿದರೆ ಮಾತು ಬೇರೆ. ಆಗಲೂ ಮೊದಲು ಹಳೆಯ ಸಾಲವನ್ನು ಮುಗಿಸಲು ಎಷ್ಟಾಗುತ್ತದೆಂದು ಕೇಳಿ, ಬಾಕಿ ಇಲ್ಲವೆಂಬ ಪತ್ರ ಪಡೆಯಿರಿ.

ಕಂತು ತೀರಿದ ಫೋನನ್ನು ವಿನಿಮಯಕ್ಕೆ ಒಯ್ಯುವಾಗ ಫೋಟೋ, ಪಾಠದ ಟಿಪ್ಪಣಿಗಳನ್ನು ಬೇರೆಡೆ ಉಳಿಸಿ, ಖಾತೆಗಳಿಂದ ಹೊರಬಂದು, ಎಲ್ಲವನ್ನೂ ಅಳಿಸಿ ಕೊಡಿ. ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿದರೆ ಕಾಣುವ ಹದಿನೈದು ಅಂಕಿಯ ಐಎಂಇಐ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಹಳೆಯ ಫೋನಿಗೆ ಎಷ್ಟು ಹಿಡಿದರು ಎಂಬುದರ ಜೊತೆ ಆ ಸಂಖ್ಯೆಯೂ ಅಂಗಡಿಯ ರಶೀದಿಯಲ್ಲಿರಲಿ. ನಾಳೆ ಆ ಫೋನು ಯಾರ ಕೈಗೆ ಹೋಯಿತೆಂಬ ಪ್ರಶ್ನೆ ಬಂದರೆ ತೋರಿಸಲು ನಿಮ್ಮಲ್ಲಿರುವುದು ಅದೊಂದೇ ಚೀಟಿ.